ಬಾಣಂತನಕ್ಕೆ ಒಬ್ಬಳೇ ಡಲ್ಲಾಸ್‌ಗೆ ಹೊರಟಿದ್ದೇನೆ, ಏನೇನು ತಯಾರಿ ಮಾಡಿಕೊಳ್ಳಲಿ?

ಸರೋಜಮ್ಮ ಟೀಚರ್ · ಆಗಸ್ಟ್ 18

ಎಲ್ಲರಿಗೂ ನಮಸ್ಕಾರ. ನನಗೆ 62 ವರ್ಷ. ಊರು ತಿಪಟೂರು ತಾಲ್ಲೂಕು. ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ರಿಟೈರ್ ಆಗಿ ಎರಡು ವರ್ಷವಾಯಿತು. ಮಗಳು ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಇದ್ದಾಳೆ. ಚೊಚ್ಚಲ ಹೆರಿಗೆ. ನವೆಂಬರ್ ಕೊನೆಗೆ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ನಾನು ಹೋಗಬೇಕು. ನವೆಂಬರ್ 6ರ ರಾತ್ರಿ ಬೆಂಗಳೂರಿನಿಂದ ವಿಮಾನ, ದೋಹಾದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕಂತೆ. ಯಜಮಾನರು ಬರುತ್ತಿಲ್ಲ. ತೋಟ, ಎರಡು ಹಸು, ಯಾರಿಗೆ ಒಪ್ಪಿಸಿ ಬರುತ್ತಾರೆ? ಹಾಗಾಗಿ ಒಬ್ಬಳೇ.

ನಾನು ಇದುವರೆಗೆ ವಿಮಾನ ನೋಡಿರುವುದು ಅಂಗಳದಲ್ಲಿ ನಿಂತು, ತಲೆಯೆತ್ತಿ. ಅಷ್ಟೇ.

ಪಾಸ್‌ಪೋರ್ಟ್ ಆಯಿತು. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿ ಬಂದೆವು. ಒಂದು ದಿನ ಬೆರಳಚ್ಚು, ಫೋಟೋ. ಮಾರನೇ ದಿನ ಸಂದರ್ಶನ. ಪಹಣಿ, ಪಿಂಚಣಿ ಆದೇಶ, ಪಾಸ್‌ಬುಕ್ ಅಂತ ಎರಡು ಕೆಜಿ ಕಾಗದ ಹೊತ್ತುಕೊಂಡು ಹೋಗಿದ್ದೆ. ಸಂದರ್ಶನ ಮಾಡಿದ ಹುಡುಗಿ ಒಂದನ್ನೂ ಮುಟ್ಟಲಿಲ್ಲ. ಯಾಕೆ ಹೋಗುತ್ತೀರಿ, ಮಗಳು ಏನು ಮಾಡುತ್ತಾಳೆ, ಎಷ್ಟು ದಿನ, ಯಜಮಾನರು ಬರುವುದಿಲ್ಲವಾ. ನಾಲ್ಕೇ ಪ್ರಶ್ನೆ. ವೀಸಾ ಕೊಟ್ಟರು, ಹತ್ತು ವರ್ಷದ್ದು.

ಈಗ ತೊಂದರೆ ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ನಮ್ಮ ಕಡೆ ಯಾರಿಗೆ ಸರ್‌ನೇಮ್ ಇದೆ ಹೇಳಿ? ವೀಸಾದಲ್ಲಿ ನೋಡಿದರೆ ಸರ್‌ನೇಮ್ ಜಾಗದಲ್ಲಿ ಸರೋಜಮ್ಮ ಅಂತ ಇದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಇದೆ. ಇದು ತಪ್ಪಾ? ತಿದ್ದಿಸಬೇಕಾ? ಮತ್ತೆ ದೋಹಾದಲ್ಲಿ ವಿಮಾನ ಬದಲಿಸುವುದು ನನ್ನಂಥವಳ ಕೈಲಿ ಆಗುತ್ತಾ? ಇಂಗ್ಲಿಷ್ ಓದುತ್ತೇನೆ, ಮಾತಾಡುವಾಗ ತಡವರಿಸುತ್ತೇನೆ. ಅಂಟಿನುಂಡೆ, ಸಾರಿನ ಪುಡಿ ಒಯ್ಯಬಹುದಾ? ನಾನು ಕೇಳಬೇಕಾದ್ದು ಇನ್ನೇನಾದರೂ ಇದ್ದರೆ ಅದನ್ನೂ ನೀವೇ ಹೇಳಿ.

---

ಫ್ರಿಸ್ಕೋ ರಾಗಿಮುದ್ದೆ · ಆಗಸ್ಟ್ 18

ಸರೋಜಮ್ಮನವರೇ, ನಿಮ್ಮ ಮಗಳ ಊರಿನವಳೇ ನಾನು. ಮೊದಲು ಹೆರಿಗೆ ಸುಸೂತ್ರವಾಗಿ ಆಗಲಿ.

ಎಫ್‌ಎನ್‌ಯು ಅಂದರೆ ‘ಫಸ್ಟ್ ನೇಮ್ ಅನ್‌ನೋನ್’. ತಪ್ಪಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗಕ್ಕೆ ಹೀಗೆ ಹಾಕುತ್ತಾರೆ. ನಮ್ಮಮ್ಮನದೂ ಹಾಗೇ ಇದೆ. ಇಲ್ಲಿನ ಕ್ಲಿನಿಕ್‌ನಲ್ಲಿ ಅವರನ್ನು ‘ಮಿಸ್ ಫ್ನೂ’ ಅಂತ ಕರೆದಾಗ ನಾವು ಹತ್ತು ನಿಮಿಷ ಸುಮ್ನೆ ಕೂತಿದ್ದೆವು, ಯಾರನ್ನೋ ಕರೆಯುತ್ತಿದ್ದಾರೆ ಅಂತ.

ಆದರೆ ಟಿಕೆಟ್‌ನಲ್ಲಿ ಹೆಸರು ಹೇಗಿದೆ ಅಂತ ಇವತ್ತೇ ನೋಡಿ. ಆನ್‌ಲೈನ್ ಫಾರಂನಲ್ಲಿ ಎರಡೂ ಜಾಗ ತುಂಬಲೇಬೇಕು ಅಂತ ಮಕ್ಕಳು ಅಪ್ಪನ ಹೆಸರೋ ಊರ ಹೆಸರೋ ಹಾಕಿಬಿಟ್ಟಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರು ಟಿಕೆಟ್‌ನಲ್ಲಿ ಇರಬಾರದು. ಮಗಳಿಗೆ ಹೇಳಿ ವಿಮಾನ ಕಂಪನಿಗೆ ಫೋನ್ ಮಾಡಿಸಿ, ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಅವರು ಹೇಗೆ ಬರೆಯುತ್ತಾರೋ ಹಾಗೆ ಬರೆಸಲಿ. ಕೌಂಟರಿನಲ್ಲಿ ರಾತ್ರಿ ಹನ್ನೊಂದಕ್ಕೆ ಗಲಾಟೆ ಬೇಡ.

---

ಅಡಿಕೆ ಮಂಡಿ · ಆಗಸ್ಟ್ 18

ಇದಕ್ಕೆ ಸೇರಿಸಿ ಒಂದು ಮಾತು. ಮುಂದೆ ಯಾವಾಗಲಾದರೂ ದುಬೈ ನೋಡಿಕೊಂಡು ಬರೋಣ ಅಂತ ಆಸೆಪಟ್ಟರೆ, ಈ ಒಂಟಿ ಹೆಸರಿನ ಪಾಸ್‌ಪೋರ್ಟ್ ಅಲ್ಲಿ ನಡೆಯಲ್ಲ. 2022ರ ನವೆಂಬರ್‌ನಿಂದ ಯುಎಇಯವರು ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಇನಿಶಿಯಲ್ ಬಿಡಿಸಿ ಬರೆದು, ಯಾವುದಾದರೂ ಒಂದನ್ನು ಸರ್‌ನೇಮ್ ಜಾಗಕ್ಕೆ ಹಾಕಿಸಿಕೊಳ್ಳಿ. ಆಧಾರ್‌ನಲ್ಲೂ ಅದೇ ಇರಲಿ. ಈಗ ಬಹಳಷ್ಟು ಜಿಲ್ಲೆಗಳಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಇದೆ (ದೇಶದಲ್ಲಿ ಅದು ಮೊದಲು ಶುರುವಾಗಿದ್ದರಲ್ಲಿ ನಮ್ಮ ಮೈಸೂರಿನದೂ ಒಂದು, 2017ರಲ್ಲಿ). ಬೆಂಗಳೂರಿಗೆ ಓಡಬೇಕಿಲ್ಲ.

---

ಮಲ್ಲೇಶ್ವರದ ಅಳಿಯ · ಆಗಸ್ಟ್ 19

ಹತ್ತು ವರ್ಷದ ವೀಸಾ ಸಿಕ್ಕಿದೆ ಅಂದ ಮೇಲೆ ಯೋಚನೆ ಯಾಕಮ್ಮಾ? ಮೊಮ್ಮಗು ಸ್ಕೂಲಿಗೆ ಹೋಗುವವರೆಗೂ ಆರಾಮಾಗಿ ಇದ್ದು ಬನ್ನಿ. ಊಟಕ್ಕೆ ಟಿಕೆಟ್‌ನಲ್ಲಿ ‘ಹಿಂದೂ ಮೀಲ್’ ಅಂತ ಹಾಕಿಸಿ, ಸಸ್ಯಾಹಾರ ಕೊಡುತ್ತಾರೆ.

---

ಫ್ರಿಸ್ಕೋ ರಾಗಿಮುದ್ದೆ · ಆಗಸ್ಟ್ 19

ಅಳಿಯಂದಿರೇ, ಎರಡೂ ತಪ್ಪು, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹತ್ತು ವರ್ಷ ಅನ್ನುವುದು ಬಾಗಿಲು ತಟ್ಟುವ ಅವಕಾಶ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅಂತ ಡಲ್ಲಾಸ್ ವಿಮಾನ ನಿಲ್ದಾಣದ ಅಧಿಕಾರಿ ಹೇಳುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ತಾರೀಕು ಐ-94 ಅನ್ನುವ ದಾಖಲೆಯಲ್ಲಿ ಇರುತ್ತೆ, ಆನ್‌ಲೈನಲ್ಲಿ ತೆಗೆಯಬೇಕು. ಮನೆಗೆ ಬಂದ ಮಾರನೇ ದಿನವೇ ಮಗಳಿಗೆ ಹೇಳಿ ಪ್ರಿಂಟ್ ತೆಗೆಸಿ, ಫ್ರಿಜ್ ಮೇಲೆ ಅಂಟಿಸಿ. ಆ ತಾರೀಕಿನ ಒಳಗೆ ಹೊರಡಬೇಕು.

ಹಿಂದೂ ಮೀಲ್‌ನಲ್ಲಿ ಕೋಳಿ, ಮೀನು, ಕುರಿ ಎಲ್ಲ ಬರುತ್ತೆ. ದನದ ಮಾಂಸ ಇರಲ್ಲ, ಅಷ್ಟೇ. ಸಸ್ಯಾಹಾರಕ್ಕೆ ಕೇಳಬೇಕಾದ್ದು ‘ಏಷ್ಯನ್ ವೆಜಿಟೇರಿಯನ್’, ಸಂಕೇತ ಎವಿಎಂಎಲ್. ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟ. ಕಡೇಪಕ್ಷ ಒಂದು ದಿನ ಮುಂಚೆ ಹೇಳಿರಬೇಕು.

---

ಮಲ್ಲೇಶ್ವರದ ಅಳಿಯ · ಆಗಸ್ಟ್ 19

ಅಯ್ಯೋ. ಹೋದ ಸಲ ನಮ್ಮ ಮಾವನಿಗೆ ಅದನ್ನೇ ಹಾಕಿಸಿದ್ದೆ. ಅದಕ್ಕೇ ಅವರು ಹದಿನಾರು ಗಂಟೆ ಬರೀ ಬನ್ನು ತಿಂದಿದ್ದು. ಇವತ್ತು ಗೊತ್ತಾಯ್ತು.

---

ಕಾವೇರಿ ದಂಡೆ · ಆಗಸ್ಟ್ 20

ಅಮ್ಮ, ದೋಹಾದ ಚಿಂತೆಗೆ ಸುಲಭದ ದಾರಿ ವೀಲ್‌ಚೇರ್. ಟಿಕೆಟ್ ಮಾಡುವಾಗಲೇ ಕೇಳಿಕೊಂಡರೆ ಬೆಂಗಳೂರಿನ ಕೌಂಟರಿನಿಂದ ಡಲ್ಲಾಸ್‌ನ ಬಾಗಿಲವರೆಗೆ ಅವರೇ ತಳ್ಳಿಕೊಂಡು ಹೋಗುತ್ತಾರೆ. ಕ್ಯೂ ಇಲ್ಲ, ದಾರಿ ತಪ್ಪುವ ಭಯ ಇಲ್ಲ. ನಮ್ಮ ಕಡೆಯ ಅಪ್ಪ ಅಮ್ಮಂದಿರೆಲ್ಲ ಹಾಗೇ ಬರುವುದು.

---

ಬೂದಿಮುಚ್ಚಿದ ಕೆಂಡ · ಆಗಸ್ಟ್ 20

ಇದನ್ನು ನಾನು ಒಪ್ಪಲ್ಲ. ವೀಲ್‌ಚೇರ್ ನಡೆಯಲು ಆಗದವರಿಗೆ ಇರುವುದು, ಇಂಗ್ಲಿಷ್ ಬಾರದವರಿಗಲ್ಲ. ನಮ್ಮ ತಂದೆಗೆ ಪಾರ್ಶ್ವವಾಯು ಆಗಿತ್ತು. ಒಂದು ಸಲ ವಿಮಾನದ ಬಾಗಿಲಲ್ಲಿ ಮುಕ್ಕಾಲು ಗಂಟೆ ಕಾದೆವು, ಕುರ್ಚಿಗಳೆಲ್ಲ ಖಾಲಿ ಆಗಿವೆ ಅಂದರು. ಅದೇ ಕುರ್ಚಿಗಳಲ್ಲಿ ಬಂದಿದ್ದ ಇಬ್ಬರು ಹೊರಗೆ ಬಂದು ಸೂಟ್‌ಕೇಸ್ ಎತ್ತಿ ಟ್ರಾಲಿ ಮೇಲೆ ಹಾಕಿಕೊಳ್ಳುತ್ತಿದ್ದರು. ಕಣ್ಣಾರೆ ನೋಡಿದ್ದೇನೆ.

---

ಕಾವೇರಿ ದಂಡೆ · ಆಗಸ್ಟ್ 20

ನಿಮ್ಮ ನೋವು ಅರ್ಥವಾಗುತ್ತೆ. ಆದರೆ ದೊಡ್ಡ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಮಂಡಿ ನೋವಿದ್ದವರು ಮೆಟ್ಟಿಲು ಹತ್ತಬಲ್ಲರು, ಅಷ್ಟು ದೂರ ನಡೆಯಲಾರರು. ಅಂಥವರಿಗೇ ಅಂತ ಬೇರೆ ವರ್ಗ ಇದೆ ವಿಮಾನದವರಲ್ಲಿ. ಸರೋಜಮ್ಮನವರ ಮಂಡಿ ಹೇಗಿದೆಯೋ ಅವರೇ ಹೇಳಬೇಕು.

---

ಸರೋಜಮ್ಮ ಟೀಚರ್ · ಆಗಸ್ಟ್ 20

ನನ್ನ ಮಂಡಿ ಚೆನ್ನಾಗಿದೆ. ದಿನಾ ತೋಟಕ್ಕೆ ಎರಡು ಸಲ ಹೋಗಿಬರುತ್ತೇನೆ. ಕಾಲು ಗಟ್ಟಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂರಲು ನನಗೇ ನಾಚಿಕೆ. ನಡೆಯುತ್ತೇನೆ. ಹೇಗೆ ನಡೆಯಬೇಕು ಅಂತ ಮಾತ್ರ ಹೇಳಿಕೊಡಿ.

---

ಪರದೇಶಿ ಪುಟ್ಟಣ್ಣ · ಆಗಸ್ಟ್ 21

ಭಲೇ ಮೇಡಂ. ಕತಾರ್‌ನಲ್ಲಿ ಒಂಬತ್ತು ವರ್ಷ ಇದ್ದವನು ನಾನು, ದೋಹಾದ ಹಮದ್ ವಿಮಾನ ನಿಲ್ದಾಣ ನನಗೆ ಮೆಜೆಸ್ಟಿಕ್ ಇದ್ದ ಹಾಗೆ. ಹೇಳುತ್ತೇನೆ ಕೇಳಿ.

ಬೆಂಗಳೂರಿನಲ್ಲಿ ಚೆಕ್‌ಇನ್ ಮಾಡುವಾಗ ನಿಮಗೆ ಎರಡು ಬೋರ್ಡಿಂಗ್ ಪಾಸ್ ಕೊಡಬೇಕು. ಒಂದು ದೋಹಾಕ್ಕೆ, ಇನ್ನೊಂದು ಡಲ್ಲಾಸ್‌ಗೆ. ಒಂದೇ ಕೊಟ್ಟರೆ ಅಲ್ಲೇ ಕೇಳಿ. ದೊಡ್ಡ ಚೀಲಗಳು ಡಲ್ಲಾಸ್‌ವರೆಗೆ ಹೋಗುತ್ತವಾ ಅಂತಲೂ ಕೇಳಿ, ಚೀಟಿಯಲ್ಲಿ ಡಲ್ಲಾಸ್ ನಿಲ್ದಾಣದ ಸಂಕೇತ ಡಿಎಫ್‌ಡಬ್ಲ್ಯು ಅಂತ ಇರಬೇಕು. ದೋಹಾದಲ್ಲಿ ನೀವು ಚೀಲ ಮುಟ್ಟುವ ಹಾಗಿಲ್ಲ.

ದೋಹಾದಲ್ಲಿ ಇಳಿದರೆ ಎರಡು ಗುಂಪು ಆಗುತ್ತೆ. ‘ಅರೈವಲ್ಸ್’ ಕಡೆ ಹೋಗಬೇಡಿ, ಅದು ಊರೊಳಗೆ ಹೋಗುವವರಿಗೆ. ‘ಟ್ರಾನ್ಸ್‌ಫರ್ಸ್’ ಅನ್ನುವ ಬೋರ್ಡ್ ಹಿಡಿಯಿರಿ. ಅಲ್ಲಿ ಮತ್ತೆ ತಪಾಸಣೆ. ಅದು ಮುಗಿದ ಮೇಲೆ ದೊಡ್ಡ ಹಜಾರ. ನಡುವೆ ಎರಡು ಆಳೆತ್ತರಕ್ಕಿಂತ ದೊಡ್ಡ ಹಳದಿ ಕರಡಿ ಗೊಂಬೆ ಕೂತಿದೆ, ತಲೆಗೆ ದೀಪ ಚುಚ್ಚಿದ ಹಾಗೆ. ಕಣ್ಣಿಗೆ ಬೀಳದೇ ಇರಲ್ಲ. ಅದನ್ನು ನಿಮ್ಮ ಊರ ಅರಳಿಕಟ್ಟೆ ಅಂದುಕೊಳ್ಳಿ. ದಾರಿ ತಪ್ಪಿದರೆ ‘ಯೆಲ್ಲೋ ಬೇರ್’ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಲ್ಲಿಂದ ಬೋರ್ಡಿನಲ್ಲಿ ಗೇಟ್ ನಂಬರ್ ನೋಡಿಕೊಂಡು ನೆಟ್ಟಗೆ ಗೇಟಿಗೆ ಹೋಗಿ ಕೂರಿ. ಅಮೆರಿಕದ ವಿಮಾನಕ್ಕೆ ಗೇಟಿನ ಹತ್ತಿರ ಇನ್ನೊಮ್ಮೆ ತಪಾಸಣೆ ಇರುತ್ತೆ, ಅದಕ್ಕೇ ಬೇಗ ಹೋಗಬೇಕು. ಕಾಫಿ ಕುಡಿಯುತ್ತಾ ಕೂತು ವಿಮಾನ ತಪ್ಪಿಸಿಕೊಂಡವರನ್ನು ನೋಡಿದ್ದೇನೆ.

ವೈಫೈ ಪುಕ್ಕಟೆ. ವಾಟ್ಸ್‌ಆ್ಯಪ್ ಕರೆ ಹೋಗದಿದ್ದರೆ ಗಾಬರಿ ಬೇಡ, ಗಲ್ಫ್‌ನ ಕೆಲವು ಕಡೆ ಅದಕ್ಕೆ ತಡೆ ಇರುತ್ತೆ. ಮೆಸೇಜ್, ಫೋಟೋ, ಧ್ವನಿ ಸಂದೇಶ ಹೋಗುತ್ತೆ.

ಆಮೇಲೆ ಒಂದು ಮನೆಪಾಠ. ಎಸ್ಕಲೇಟರ್ ಹತ್ತಿದ್ದೀರಾ?

---

ಸರೋಜಮ್ಮ ಟೀಚರ್ · ಆಗಸ್ಟ್ 21

ಇಲ್ಲ! ತುಮಕೂರಿನ ಒಂದು ಅಂಗಡಿಯಲ್ಲಿ ಅದನ್ನು ನೋಡಿ ಪಕ್ಕದ ಮೆಟ್ಟಿಲು ಹತ್ತಿದವಳು ನಾನು. ಹೇಗೆ ಗೊತ್ತಾಯಿತು ನಿಮಗೆ?

---

ಪರದೇಶಿ ಪುಟ್ಟಣ್ಣ · ಆಗಸ್ಟ್ 21

ನಮ್ಮವ್ವನೂ ಹಾಗೇ ಮಾಡಿದ್ದು, ಅದಕ್ಕೆ. ಒಂದು ದಿನ ಬೆಂಗಳೂರಿಗೆ ಬಂದು ಮೆಜೆಸ್ಟಿಕ್ ಮೆಟ್ರೋ ನಿಲ್ದಾಣಕ್ಕೆ ಹೋಗಿ. ಮಧ್ಯಾಹ್ನ ಹನ್ನೆರಡರ ಹೊತ್ತು, ಜನ ಕಡಿಮೆ. ಹತ್ತು ಸಲ ಹತ್ತಿ ಇಳಿಯಿರಿ. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಬಲಗೈ ಕಂಬಿ ಮೇಲೆ. ಮೆಟ್ರೋದಲ್ಲೇ ಚೀಲ ಎಕ್ಸ್‌ರೇ ಯಂತ್ರಕ್ಕೆ ಹಾಕುವುದು, ಟೋಕನ್ ತೋರಿಸಿ ಗೇಟ್ ದಾಟುವುದು ಎಲ್ಲ ಅಭ್ಯಾಸ ಆಗುತ್ತೆ. ವಿಮಾನ ನಿಲ್ದಾಣವೂ ಅಷ್ಟೇ, ಸ್ವಲ್ಪ ಉದ್ದ.

---

ಹುಬ್ಬಳ್ಳಿ ಔಷಧಿ ಅಂಗಡಿ · ಆಗಸ್ಟ್ 23

ನಮಸ್ಕಾರ ರೀ ಅಕ್ಕಾರ. ಎಲ್ಲಾರೂ ವಿಮಾನದ್ದ ಹೇಳಿದ್ರು, ನಾ ಗುಳಿಗಿ ಬಗ್ಗೆ ಹೇಳ್ತೀನಿ.

ನಿಮ್ಮ ದಿನದ ಗುಳಿಗೆಗಳನ್ನು ಸ್ಟ್ರಿಪ್ ಸಮೇತ ಒಯ್ಯಿರಿ. ಬಿಡಿಸಿ ಡಬ್ಬಿಗೆ ಸುರುವಬೇಡಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಮೂರು ತಿಂಗಳಿಗಾಗುವಷ್ಟು ಅನ್ನುವುದು ಅಲ್ಲಿನ ಸಾಮಾನ್ಯ ಲೆಕ್ಕ. ಅದಕ್ಕಿಂತ ಜಾಸ್ತಿ ದಿನ ಇರುವವರು ಅಷ್ಟು ದಿನಕ್ಕೆ ಬೇಕು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಅಲ್ಲಿ ಅಂಗಡಿಗೆ ಹೋಗಿ ಬಿಪಿ ಗುಳಿಗೆ ಕೊಡ್ರೀ ಅಂದರೆ ಕೊಡುವುದಿಲ್ಲ, ಅಲ್ಲಿನ ಡಾಕ್ಟರ ಚೀಟಿ ಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೇಳಿದರೂ ತಿಳಿಯಲಿಕ್ಕಿಲ್ಲ. ಅಲ್ಲಿ ಅದಕ್ಕೆ ಅಸಿಟಮಿನೋಫೆನ್ ಅಂತಾರೆ, ಟೈಲೆನಾಲ್ ಅಂದರೆ ಕೂಡಲೇ ಗೊತ್ತಾಗುತ್ತೆ. ಒಂದು ವಾರದ ಗುಳಿಗೆ ಕೈಚೀಲದಲ್ಲಿ ಇರಲಿ.

ಇನ್ನೊಂದು, ಯಾರೂ ಹೇಳದ ಮಾತು. ನೀವು ಹಸುಗೂಸನ್ನು ಎತ್ತಿಕೊಳ್ಳಲು ಹೊರಟಿದ್ದೀರಿ. ಅಲ್ಲಿನ ಮಕ್ಕಳ ಡಾಕ್ಟರು ಅಜ್ಜಿ ಅಜ್ಜನಿಗೂ ನಾಯಿಕೆಮ್ಮು ತಡೆಯುವ ‘ಟಿಡ್ಯಾಪ್’ ಲಸಿಕೆ ಆಗಿದೆಯಾ ಅಂತ ಕೇಳುತ್ತಾರೆ. ನಾಯಿಕೆಮ್ಮು ದೊಡ್ಡವರಿಗೆ ಬರೀ ಕೆಮ್ಮು, ಎರಡು ತಿಂಗಳ ಒಳಗಿನ ಕೂಸಿಗೆ ಪ್ರಾಣಾಪಾಯ. ಮಗುವನ್ನು ಮುಟ್ಟುವುದಕ್ಕೆ ಎರಡು ವಾರ ಮೊದಲೇ ಹಾಕಿಸಿರಬೇಕು. ನಮ್ಮಲ್ಲೂ ಸಿಗುತ್ತೆ. ಅಕ್ಟೋಬರ್ ಮೊದಲ ವಾರ ಹಾಕಿಸಿ, ಜೊತೆಗೆ ಫ್ಲೂ ಲಸಿಕೆ ಬಗ್ಗೆಯೂ ನಿಮ್ಮ ಡಾಕ್ಟರನ್ನು ಕೇಳಿ. ಕಾರ್ಡ್ ಇಟ್ಟುಕೊಳ್ಳಿ.

ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಮುಟ್ಟಿಸುವುದು, ಕಣ್ಣಿಗೆ ಕಾಡಿಗೆ, ಇವು ಮೂರೂ ಅಲ್ಲಿ ಬೇಡ. ಸಿಟ್ಟಾಗಬೇಡಿ. ಬಜೆಯನ್ನು ಅಮೆರಿಕದಲ್ಲಿ ಆಹಾರಕ್ಕೆ ಬಳಸಕೂಡದು ಅಂತ 1968ರಿಂದಲೇ ಇದೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಕೊಟ್ಟರೆ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರಬಹುದು. ಕಾಡಿಗೆಯಲ್ಲಿ ಸೀಸ ಇರುತ್ತೆ ಅಂತ ಅವರಿಗೆ ಭಯ, ಅದು ಸುಳ್ಳೂ ಅಲ್ಲ.

---

ಸರೋಜಮ್ಮ ಟೀಚರ್ · ಆಗಸ್ಟ್ 23

ಬಜೆ ಬಿಡುತ್ತೇನೆ. ಕಾಡಿಗೆ ಇಲ್ಲದ ಕೂಸನ್ನು ನೋಡುವುದು ಹೇಗಪ್ಪಾ ಅಂತ ಯೋಚನೆ. ಅಂಗಾಲಿಗೆ ಒಂದು ಚುಕ್ಕೆ?

---

ಹುಬ್ಬಳ್ಳಿ ಔಷಧಿ ಅಂಗಡಿ · ಆಗಸ್ಟ್ 23

ಕೂಸು ಕಾಲು ಬಾಯಿಗೆ ಹಾಕ್ಕೊಳ್ತದ ರೀ ಅಕ್ಕಾರ. ಬ್ಯಾಡ.

---

ಎರಡು ಮಕ್ಕಳ ತಾಯಿ, ಆಸ್ಟಿನ್ · ಆಗಸ್ಟ್ 25

ಅಂಟಿನುಂಡೆಗೆ ಬರೋಣ. ನಮ್ಮಮ್ಮ ಎರಡು ಬಾಣಂತನಕ್ಕೂ ತಂದಿದ್ದಾರೆ. ಒಯ್ಯಬಹುದು. ಆದರೆ ಕೆಲವು ಸೂಕ್ಷ್ಮ ಇದೆ.

ಅಮೆರಿಕದಲ್ಲಿ ಗಸಗಸೆಗೆ ಅಡ್ಡಿ ಇಲ್ಲ. ಆದರೆ ಯುಎಇಯಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಸಿಂಗಪುರದಲ್ಲೂ ನಿಷೇಧ. ನೀವು ಇಳಿಯುವುದು ದೋಹಾದಲ್ಲಿ, ಅದೂ ಬರೀ ವಿಮಾನ ಬದಲಿಸಲು. ಆದರೂ ಗಲ್ಫ್ ದಾಟಿ ಹೋಗುವ ಚೀಲದಲ್ಲಿ ಗಸಗಸೆ ಯಾಕೆ? ಉಂಡೆಗೆ ಹಾಕಬೇಡಿ, ಎಳ್ಳು ಹಾಕಿ. ಗಸಗಸೆ ಇಲ್ಲಿನ ಇಂಡಿಯನ್ ಸ್ಟೋರ್‌ನಲ್ಲೇ ಸಿಗುತ್ತೆ, ಪಾಯಸ ಇಲ್ಲೇ ಮಾಡಿಕೊಡಿ ಮಗಳಿಗೆ.

ಕೊಬ್ಬರಿ. ನಿಮಗೆ ಇದು ಕೇಳಿ ಬೇಜಾರಾಗುತ್ತೆ, ಗೊತ್ತು. ಇಡೀ ಕೊಬ್ಬರಿ ಬಟ್ಟಲು ಚೀಲದಲ್ಲಿ ಬಿಡಲ್ಲ. ಭಾರತದ ವಿಮಾನ ಭದ್ರತೆಯವರೇ ನಿಷೇಧಿಸಿದ್ದಾರೆ. ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ. ಉಂಡೆಯಲ್ಲಿ ತುರಿದು ಹುರಿದು ಸೇರಿಸಿದ್ದಕ್ಕೆ ನಮಗೆ ಯಾರೂ ಏನೂ ಅಂದಿಲ್ಲ.

ಕರಿಬೇವು, ಹಸಿ ಎಲೆ, ಹಣ್ಣು, ತರಕಾರಿ, ನೆಡುವ ಬೀಜ, ಮಾಂಸ ಯಾವುದೂ ಬೇಡ. ಕರಿಬೇವಿನ ಎಲೆಯ ಜೊತೆ ಕಿತ್ತಳೆ ಗಿಡದ ರೋಗ ಹರಡುವ ಹುಳು ಬರುತ್ತೆ ಅಂತ ಅವರಿಗೆ ಬಹಳ ಕಟ್ಟುನಿಟ್ಟು. ಅಕ್ಕಿಯೂ ಬೇಡ. ಖಾಪ್ರಾ ಅನ್ನುವ ಹುಳುವಿನ ಕಾರಣಕ್ಕೆ ನಮ್ಮ ದೇಶದಿಂದ ಚೀಲದಲ್ಲಿ ಅಕ್ಕಿ ತರುವ ಹಾಗಿಲ್ಲ. ಸೋನಾ ಮಸೂರಿ ಇಲ್ಲಿ ಮೂಟೆಗಟ್ಟಲೆ ಸಿಗುತ್ತೆ, ಯೋಚನೆ ಬೇಡ.

ಸಾರಿನ ಪುಡಿ, ಮೆಣಸಿನ ಪುಡಿ, ಓಮದ ಪುಡಿ ಎಲ್ಲವೂ ದೊಡ್ಡ ಚೀಲಕ್ಕೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್ ಡಬ್ಬಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿಸುತ್ತಾರೆ. ತುಪ್ಪ, ಉಪ್ಪಿನಕಾಯಿ ಅವರ ಲೆಕ್ಕದಲ್ಲಿ ದ್ರವ, ಕೈಚೀಲದಲ್ಲಿ 100 ಮಿಲಿಲೀಟರ್ ಮಾತ್ರ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ. ‘ಅಂಟಿನುಂಡೆ’ ಅಂತ ಬರೆದರೆ ಅವರಿಗೇನು ಗೊತ್ತು? ‘ಸ್ವೀಟ್, ನಟ್ಸ್, ಜ್ಯಾಗರಿ’ ಅಂತ ಬರೆಸಿ.

ಎಲ್ಲಕ್ಕಿಂತ ಮುಖ್ಯ: ಡಲ್ಲಾಸ್‌ನಲ್ಲಿ ‘ಫುಡ್ ಇದೆಯಾ’ ಅಂತ ಕೇಳಿದರೆ ‘ಯೆಸ್’ ಅನ್ನಿ. ಯೆಸ್ ಅಂದವರಿಗೆ ದಂಡ ಇಲ್ಲ. ಹೆಚ್ಚೆಂದರೆ ಬೇಡದ್ದನ್ನು ತೆಗೆದು ಕಸಕ್ಕೆ ಹಾಕುತ್ತಾರೆ. ನೋ ಅಂದು ಸಿಕ್ಕಿಬಿದ್ದರೆ ನೂರಾರು ಡಾಲರ್.

---

ಕೊಬ್ಬರಿ ಸಂತೆ · ಆಗಸ್ಟ್ 25

ತಿಪಟೂರಿನವರಿಗೆ ಕೊಬ್ಬರಿ ಬೇಡ ಅಂತೀರಲ್ಲ. ಏನು ಕಾಲ ಬಂತಪ್ಪ.

---

ಬೂದಿಮುಚ್ಚಿದ ಕೆಂಡ · ಆಗಸ್ಟ್ 27

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅತ್ತೆಗೆ ಅಲ್ಲಿ ಎದೆನೋವು ಬಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇದ್ದರು. ಪಾಲಿಸಿ ಇತ್ತು. ಆದರೆ ಮೊದಲೇ ಬಿಪಿ ಇತ್ತಲ್ಲ, ಇದು ಹಳೆಯ ಕಾಯಿಲೆ ಅಂತ ಹೇಳಿ ಕಂಪನಿ ಕೈ ಎತ್ತಿತು. ಬಿಲ್ಲು ಕಂತಿನಲ್ಲಿ ಕಟ್ಟಿದೆವು. ಅಗ್ಗ ಅಂತ ಕೊಂಡುಕೊಳ್ಳಬೇಡಿ. ಮೊದಲೇ ಇರುವ ಕಾಯಿಲೆ ದಿಢೀರ್ ಅಂತ ಉಲ್ಬಣಿಸಿದರೆ ಕೊಡುತ್ತೀರಾ, ಎಷ್ಟರವರೆಗೆ, ಒಂದೊಂದು ಚಿಕಿತ್ಸೆಗೂ ಮಿತಿ ಇದೆಯಾ, ಈ ಮೂರನ್ನು ಬರವಣಿಗೆಯಲ್ಲಿ ಕೇಳಿ. ಬಿಪಿ ಶುಗರ್ ಇದ್ದರೆ ಮುಚ್ಚಿಡಬೇಡಿ. ಅಮೆರಿಕ ಸರ್ಕಾರದ ಮೆಡಿಕೇರ್ ಅನ್ನುವ ಆರೋಗ್ಯ ವಿಮೆ ನಮ್ಮಂಥ ನೆಂಟರಿಗೆ ಇಲ್ಲ.

---

ಪಿಂಚಣಿದಾರ · ಆಗಸ್ಟ್ 28

ಮೇಡಂ, ನೀವೂ ನಾನೂ ಒಂದೇ ಇಲಾಖೆ. ನವೆಂಬರ್‌ನಲ್ಲಿ ಜೀವಂತ ಪ್ರಮಾಣ ಪತ್ರ ಕೊಡಬೇಕಲ್ಲ, ನೆನಪಿದೆಯಾ? ಕೊಡದಿದ್ದರೆ ಪಿಂಚಣಿ ನಿಲ್ಲುತ್ತೆ, ನೀವು ಅಲ್ಲಿ ಮೊಮ್ಮಗು ಆಡಿಸುತ್ತಾ ಇದ್ದರೂ ಖಜಾನೆಯ ಲೆಕ್ಕದಲ್ಲಿ ಇಲ್ಲ. ನವೆಂಬರ್ 1 ರಾಜ್ಯೋತ್ಸವ, ಬ್ಯಾಂಕ್ ರಜೆ. ಅದರ ಮುಂದಿನ ಕೆಲಸದ ದಿನವೇ ಹೋಗಿ ಕೊಟ್ಟು, ಸ್ವೀಕೃತಿ ಪಡೆದುಕೊಂಡು ಹೊರಡಿ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಹೋದ ಮೇಲೆ ಹಾಕಿಸಲು ಹೊರಟರೆ ಅದಕ್ಕೂ ಒಟಿಪಿ ಕೇಳುತ್ತಾರೆ.

---

ಸರೋಜಮ್ಮ ಟೀಚರ್ · ಆಗಸ್ಟ್ 28

ಅಯ್ಯೋ ದೇವರೇ, ಇದು ನೆನಪೇ ಇರಲಿಲ್ಲ. ಸರ್, ನಿಮಗೆ ಕೈ ಮುಗಿದೆ.

---

ಫ್ರಿಸ್ಕೋ ರಾಗಿಮುದ್ದೆ · ಸೆಪ್ಟೆಂಬರ್ 2

ಮನೆಯೊಳಗಿನ ವಿಷಯ ನಾನು ಹೇಳುತ್ತೇನೆ. ಇದನ್ನು ಮಕ್ಕಳು ಹೇಳುವುದಿಲ್ಲ, ಹೇಳಿದರೆ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ.

ಇಲ್ಲಿನ ಬಚ್ಚಲಿನ ನೆಲಕ್ಕೆ ಮೋರಿ ಇಲ್ಲ. ಟಬ್ಬಿನೊಳಗೆ ಮಾತ್ರ ನೀರು. ಹೊರಗೆ ಒಂದು ಚೊಂಬು ಸುರಿದರೆ ಅದು ಮರದ ಹಲಗೆಗೆ ಇಳಿದು ಕೆಳಗಿನ ಮನೆಯವರ ಸೂರಿನಿಂದ ತೊಟ್ಟಿಕ್ಕುತ್ತೆ. ನಮ್ಮ ಮನೆಯಲ್ಲಿ ಬಾಣಂತಿ ಎಣ್ಣೆನೀರಿನ ಮೊದಲ ದಿನವೇ ಆಯಿತು. ಮಗುವಿಗೂ ಹೊಕ್ಕಳ ಬಳ್ಳಿ ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತಲೇ ಹೇಳುತ್ತಾರೆ, ಕಾಲ ಮೇಲೆ ಹಾಕಿಕೊಂಡು ಎರೆಯುವುದು ಆಮೇಲೆ.

ಸಾಂಬ್ರಾಣಿ ಹೊಗೆ ಹಾಕುವ ಆಸೆ ಇದ್ದರೆ ಮರೆತುಬಿಡಿ. ಪ್ರತಿ ಕೋಣೆಯ ಸೂರಿನಲ್ಲೂ ಹೊಗೆ ಗಂಟೆ ಇರುತ್ತೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನ್ ಹಾಕಿ.

ನಿಮ್ಮ ಮಿಕ್ಸಿ ತರಬೇಡಿ. ಇಲ್ಲಿ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ತರಲೇಬೇಕು ಅಂದರೆ 110 ವೋಲ್ಟಿನದು ಅಂತಲೇ ಬೆಂಗಳೂರಿನಲ್ಲಿ ಸಿಗುತ್ತೆ. ಬದಲಿಗೆ ಉಣ್ಣೆ ಕಾಲುಚೀಲ ನಾಲ್ಕು ಜೊತೆ ತನ್ನಿ. ಡಿಸೆಂಬರ್ ಜನವರಿಯಲ್ಲಿ ಇಲ್ಲಿ ನೀರು ಹೆಪ್ಪುಗಟ್ಟುವ ರಾತ್ರಿಗಳಿರುತ್ತವೆ.

---

ಕಾವೇರಿ ದಂಡೆ · ಸೆಪ್ಟೆಂಬರ್ 3

ಇಮಿಗ್ರೇಶನ್‌ನಲ್ಲಿ ಯಾಕೆ ಬಂದಿರಿ ಅಂದರೆ ಬಾಣಂತನ ಅಂತ ಹೇಳಬೇಡಿ, ಕೆಲಸಕ್ಕೆ ಬಂದಿದ್ದೀರಿ ಅಂತ ವಾಪಸ್ ಕಳಿಸುತ್ತಾರೆ ಅಂತ ಕೇಳಿದ್ದೇನೆ. ಟೂರ್ ಅಂತ ಹೇಳಲಿ ಅಲ್ವಾ?

---

ಎರಡು ಮಕ್ಕಳ ತಾಯಿ, ಆಸ್ಟಿನ್ · ಸೆಪ್ಟೆಂಬರ್ 3

ಬೇಡವೇ ಬೇಡ. ವೀಸಾದಲ್ಲಿ ಒಂದು, ಇಲ್ಲಿ ಒಂದು ಹೇಳಿದರೆ ಅದೇ ಅನುಮಾನ. ನಿಜ ಏನಿದೆಯೋ ಅದು: ಮಗಳನ್ನು ನೋಡಲು ಬಂದೆ, ಅವಳಿಗೆ ಹೆರಿಗೆ ಇದೆ, ಏಪ್ರಿಲ್‌ಗೆ ವಾಪಸ್ ಹೋಗುತ್ತೇನೆ, ಟಿಕೆಟ್ ಇಲ್ಲಿದೆ. ತಾಯಿ ಮಗಳ ಮನೆಗೆ ಬರುವುದು ನೌಕರಿಯಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಕತೆ ಬೇಡ. ಟೀಚರಿಗೆ ಇದನ್ನು ನಾನು ಹೇಳಬೇಕಾ!

---

ಸರೋಜಮ್ಮ ಟೀಚರ್ · ಅಕ್ಟೋಬರ್ 30

ಇಲ್ಲಿವರೆಗಿನ ವರದಿ. ಮೆಜೆಸ್ಟಿಕ್‌ಗೆ ಹೋಗಿ ಎಸ್ಕಲೇಟರ್ ಹದಿನಾಲ್ಕು ಸಲ ಹತ್ತಿದೆ. ಐದನೇ ಸಲದಿಂದ ಕಂಬಿ ಬಿಟ್ಟೆ. ಅಲ್ಲಿನ ಸೆಕ್ಯುರಿಟಿ ಹುಡುಗಿ ಬಂದು ಏನಮ್ಮ ಕಳೆದುಕೊಂಡಿದ್ದೀರಿ ಅಂತ ಕೇಳಿದಳು. ಟಿಡ್ಯಾಪ್ ಆಯಿತು. ಟಿಕೆಟ್‌ನಲ್ಲಿ ನಿಜವಾಗಿಯೂ ಯಜಮಾನರ ಹೆಸರು ಸೇರಿಸಿದ್ದಳು ಮಗಳು, ಸರಿಪಡಿಸಿದರು. ಬಳೆ, ಸರಗಳ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟಿದ್ದೇನೆ, ವಾಪಸ್ ಬರುವಾಗ ಯಾರಾದರೂ ಕೇಳಿದರೆ ತೋರಿಸಲು. ಕಾಲೇಜಿಗೆ ಹೋಗುವ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಕೈಲಿ ಒಂದು ಕಾಗದ ಮಾಡಿಸಿದ್ದೇನೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಬಾಯಿ ಕಟ್ಟಿದರೆ ಬೆರಳಿಟ್ಟು ತೋರಿಸುವುದು.

ಯಜಮಾನರಿಗೆ ಕುಕ್ಕರ್ ಕೂಗಿಸುವುದು ಕಲಿಸಿದೆ. ಅನ್ನ ಬರುತ್ತೆ. ಸಾರು ಇನ್ನೂ ನೀರುನೀರು.

---

ಸರೋಜಮ್ಮ ಟೀಚರ್ · ಡಿಸೆಂಬರ್ 14, ಫ್ರಿಸ್ಕೋದಿಂದ

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಬರೆಯಲು ಈಗ ಬಿಡುವಾಯಿತು.

ಬೆಂಗಳೂರಿನಲ್ಲಿ ಎಲ್ಲ ಸಲೀಸು. ದೋಹಾದಲ್ಲಿ ಟ್ರಾನ್ಸ್‌ಫರ್ಸ್ ಬೋರ್ಡ್ ಹಿಡಿದೇ ಹೋದೆ, ಕರಡಿಯನ್ನೂ ನೋಡಿದೆ. ಪುಟ್ಟಣ್ಣನವರು ಹೇಳಿದ್ದಕ್ಕಿಂತ ದೊಡ್ಡದಿದೆ. ಆದರೆ ಗೇಟಿನ ತಪಾಸಣೆಯಲ್ಲಿ ತಪ್ಪು ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಅದು ಹೂಸ್ಟನ್‌ಗೆ ಹೋಗುವವರ ಸಾಲು. ಎಲ್ಲರೂ ನಮ್ಮ ಕಡೆಯ ಅಜ್ಜಿಯರೇ ಇದ್ದರು, ಅದಕ್ಕೇ ನನ್ನದೇ ಅಂದುಕೊಂಡೆ. ಪಕ್ಕದ ತೆಲುಗಿನವರು ನನ್ನ ಪಾಸ್ ನೋಡಿ ‘ಮೀದಿ ಡಲ್ಲಾಸ್, ಅಟು’ ಅಂತ ಕೈ ತೋರಿಸಿದರು. ಓಡಿದೆ. ಆದ್ದರಿಂದ ಬರುವವರು ಸಾಲಿನ ಮುಖ ನೋಡಬೇಡಿ, ಬೋರ್ಡಿನ ನಂಬರ್ ನೋಡಿ.

ಇಮಿಗ್ರೇಶನ್‌ನಲ್ಲಿ ಎಷ್ಟು ದಿನ ಅಂದರು, ಏಪ್ರಿಲ್ ಅಂದೆ. ಫುಡ್ ಅಂದರು, ಯೆಸ್ ಅಂದೆ. ಚೀಲ ಬಿಚ್ಚಿಸಿದರು. ಒಬ್ಬರು ಉಂಡೆ ಡಬ್ಬಿ ತೆಗೆದು, ಚೀಟಿ ಓದಿ, ಒಂದನ್ನು ಕೈಗವಸಿನಲ್ಲೇ ಒಡೆದು ನೋಡಿದರು. ಅಂಟು ಹೊಳೆಯುವುದು ನೋಡಿ ‘ವಾಟ್ ಈಸ್ ದಿಸ್’ ಅಂದರು. ಕಾಗದ ತೋರಿಸಿದೆ. ನಕ್ಕು ಮುಚ್ಚಿಕೊಟ್ಟರು. ಮೂವತ್ತೊಂದರಲ್ಲಿ ಒಂದು ಹೋಯಿತು. ತಳದಲ್ಲಿ ಯಜಮಾನರು ನನಗೆ ಗೊತ್ತಿಲ್ಲದ ಹಾಗೆ ಕರಿಬೇವಿನ ಕಟ್ಟು ಇಟ್ಟಿದ್ದರು. ಅದು ಕಸದ ಬುಟ್ಟಿಗೆ. ದಂಡ ಇಲ್ಲ. ಫೋನಿನಲ್ಲಿ ಬೈದಿದ್ದೇನೆ.

ಹೊಗೆ ಗಂಟೆ ಎರಡು ಸಲ ಹೊಡೆಯಿತು. ಸಾಂಬ್ರಾಣಿಗಲ್ಲ, ಮಜ್ಜಿಗೆ ಮೆಣಸಿನಕಾಯಿ ಕರಿದಿದ್ದಕ್ಕೆ.

---

ಹೊಸ ಸೊಸೆ, ಶಿರಸಿ · ಡಿಸೆಂಬರ್ 15

ಅಮ್ಮ, ಅಭಿನಂದನೆ. ನಮ್ಮ ಅತ್ತೆಯವರು ಫೆಬ್ರವರಿಯಲ್ಲಿ ನ್ಯೂಜೆರ್ಸಿಗೆ ಒಬ್ಬರೇ ಹೋಗುತ್ತಾರೆ. ಆ ಕಾಗದದಲ್ಲಿ ಏನೇನು ಬರೆಸಿದ್ದಿರಿ ಹೇಳುತ್ತೀರಾ?

---

ಸರೋಜಮ್ಮ ಟೀಚರ್ · ಡಿಸೆಂಬರ್ 15

ಹೇಳುತ್ತೇನೆ ಕಂದಾ. ಮೇಲೆ ದಪ್ಪ ಅಕ್ಷರದಲ್ಲಿ ಮಗಳ ಹೆಸರು, ಮನೆ ವಿಳಾಸ, ಅವಳ ಮತ್ತು ಅಳಿಯನ ಫೋನ್ ನಂಬರ್. ಆಮೇಲೆ ಸಾಲುಗಳು.

ನಾನು ಮಗಳನ್ನು ನೋಡಲು ಬಂದಿದ್ದೇನೆ, ಏಪ್ರಿಲ್‌ನಲ್ಲಿ ವಾಪಸ್ ಹೋಗುತ್ತೇನೆ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಈ ಗೇಟ್ ಯಾವ ಕಡೆ, ದಯವಿಟ್ಟು ಕೈ ತೋರಿಸಿ. ದಯವಿಟ್ಟು ನಿಧಾನವಾಗಿ ಮಾತಾಡಿ, ಇಲ್ಲವೇ ಬರೆದು ತೋರಿಸಿ. ನನ್ನ ಫೋನಿಗೆ ವೈಫೈ ಹಾಕಿಕೊಡುತ್ತೀರಾ? ಇದು ನನ್ನ ಬಿಪಿ ಗುಳಿಗೆ, ಡಾಕ್ಟರ ಚೀಟಿ ಇಲ್ಲಿದೆ. ಇದು ಬೆಲ್ಲ, ಅಂಟು, ಬಾದಾಮಿ ಸೇರಿಸಿ ಮಾಡಿದ ಸಿಹಿ, ಹೆರಿಗೆಯಾದ ತಾಯಿಗೆ.

ಎರಡು ಪ್ರತಿ ಮಾಡಿಸಿ. ಒಂದು ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿ, ಒಂದು ರವಿಕೆಯೊಳಗಿನ ಪರ್ಸಿನಲ್ಲಿ. ಅಕ್ಷರ ದೊಡ್ಡದಿರಲಿ, ಅಲ್ಲಿ ಕನ್ನಡಕ ಹುಡುಕುತ್ತಾ ಕೂರಲು ಆಗುವುದಿಲ್ಲ. ಮತ್ತೆ ನಾನು ಸೇರಿಸಲು ಮರೆತ ಒಂದು ಸಾಲು, ನಿಮ್ಮತ್ತೆಗೆ ಸೇರಿಸಿಕೊಡು: ‘ಇದು ಯಾವ ಊರಿನ ಸಾಲು?’